ಮೂವತ್ತೊಂದು ಮೀಟರಿನ ಕಲ್ಲು

ಹುಬ್ಬಳ್ಳಿಯ ಘಂಟಿಕೇರಿಯಲ್ಲಿ ವಿಕ್ಟರ್ ಹೊಸಮನಿ ಎಂದು ಕೇಳಿದರೆ ಯಾರೂ ಲಗೂನೆ ಮನೆ ತೋರಿಸುತ್ತಿರಲಿಲ್ಲ. ಬೋರಿಂಗ್ ವಿಕ್ಟರ್ ಎಂದರೆ ಚರ್ಚಿನ ಹಿಂದಿನ ಓಣಿಗೆ ಕೈ ಮಾಡುತ್ತಿದ್ದರು. ಆ ಹೆಸರು ಅವನಿಗೆ ಅಷ್ಟೇನೂ ಸೇರುತ್ತಿರಲಿಲ್ಲ. ನೀರಿನ ಬೋರು ಹೊಡೆಯುವವರು ಕಲ್ಲನ್ನು ಹಿಟ್ಟು ಮಾಡಿ ಊದಿಬಿಡುತ್ತಾರೆ, ತನ್ನದು ಅದಲ್ಲ ಎಂದು ಸಿಕ್ಕವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. ಅವನು ನೆಲದೊಳಗಿನ ಕಲ್ಲನ್ನು ಕಬ್ಬಿನ ಗಣಿಕೆಯ ಹಾಗೆ ಉದ್ದಕ್ಕೆ ಕೊರೆದು ಇಡಿಯಾಗಿ ಮೇಲೆತ್ತುವವನು. ಸೇತುವೆ ಕಟ್ಟುವ ಮುಂಚೆ, ಒಡ್ಡು ಹಾಕುವ ಮುಂಚೆ, ಕೆಳಗೆ ಏನಿದೆ ಎಂದು ಎಂಜಿನಿಯರರು ಕಣ್ಣಿಂದ ನೋಡಬೇಕಲ್ಲ? ವಿಕ್ಟರ್ ಆ ಕಲ್ಲಿನ ಕೋಲುಗಳನ್ನು ತೆಗೆದು, ಉದ್ದನೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಆಳದ ಪ್ರಕಾರ ಸಾಲಾಗಿ ಜೋಡಿಸಿ ಕೊಡುತ್ತಿದ್ದ. ಕಸುಬಿನವರು ಅದಕ್ಕೆ ಕೋರ್ ಎನ್ನುತ್ತಾರೆ.

ಅವನ ಅಪ್ಪ ಮಿಶನ್ ಕಂಪೌಂಡಿನಲ್ಲಿ ಬಡಗಿಯಾಗಿದ್ದ. ಮಗನಿಗೆ ಕಟ್ಟಿಗೆ ಹಿಡಿಸಲಿಲ್ಲ, ಕಬ್ಬಿಣ ಹಿಡಿಸಿತು. ಹತ್ತೊಂಬತ್ತನೆಯ ವಯಸ್ಸಿಗೆ ಗೋಕುಲ ರೋಡಿನ ಒಬ್ಬ ಗುತ್ತಿಗೆದಾರನ ಶೆಡ್ ಸೇರಿದವನು, ಐವತ್ತು ದಾಟುವ ಹೊತ್ತಿಗೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಅದೆಷ್ಟು ಹೊಳೆಗಳ ತಳ ನೋಡಿದ್ದನೋ ಅವನಿಗೇ ನೆನಪಿಲ್ಲ. ಓದಿದ್ದು ಏಳನೆಯತ್ತೆ. ಆದರೆ ಯಂತ್ರದ ಹಿಡಿಕೆ ಮೇಲೆ ಅಂಗೈ ಇಟ್ಟರೆ ಸಾಕು, ಕೆಳಗೆ ಗಟ್ಟಿ ಕಲ್ಲು ಬಂತೋ ಮೆತ್ತಗಿನ ಪದರ ಬಂತೋ ಹೇಳುತ್ತಿದ್ದ.

ಈ ಕೆಲಸದಲ್ಲಿ ಮಾನ ಹೋಗುವ ಜಾಗ ಒಂದಿದೆ. ಕೆಳಗೆ ಪೊಳ್ಳು ಸಿಕ್ಕರೆ, ಇಲ್ಲವೇ ಕೈ ತಪ್ಪಿದರೆ, ಕಲ್ಲು ಕೊಳವೆಯಿಂದ ಜಾರಿ ಹೋಗುತ್ತದೆ; ಮೇಲೆತ್ತಿದಾಗ ಕೊಳವೆ ಖಾಲಿ. ಆಗ ಪೆಟ್ಟಿಗೆಯಲ್ಲಿ ಅಷ್ಟು ಜಾಗ ಬಿಟ್ಟು, 'ಕೋರ್ ಇಲ್ಲ' ಎಂದು ಬರೆದ ಕಟ್ಟಿಗೆ ತುಂಡನ್ನು ಇಡಬೇಕು. ನಿಯಮವೇ ಹಾಗೆ, ಅದರಲ್ಲಿ ತಪ್ಪೇನೂ ಇಲ್ಲ. ಬೇರೆಯವರ ಪೆಟ್ಟಿಗೆಗಳಲ್ಲಿ ಅಂಥ ತುಂಡುಗಳು ಬೇಕಾದಷ್ಟು ಇರುತ್ತಿದ್ದವು. ವಿಕ್ಟರನ ಪೆಟ್ಟಿಗೆಯಲ್ಲಿ ಹುಡುಕಬೇಕಾಗುತ್ತಿತ್ತು. "ವಿಕ್ಟರನ ಪೆಟಗ್ಯಾಗ ಬಾಯಿ ತೆರೆದ ಜಾಗ ಇರಂಗಿಲ್ಲ ನೋಡ್ರಿ" ಎಂದು ಗುತ್ತಿಗೆದಾರ ಗಿರಾಕಿಗಳ ಮುಂದೆ ಹೇಳುವಾಗ, ವಿಕ್ಟರ್ ಕೇಳಿಸಿಕೊಳ್ಳದವನ ಹಾಗೆ ನಟ್ಟು ಬೋಲ್ಟು ಒರೆಸುತ್ತ ನಿಲ್ಲುತ್ತಿದ್ದ. ಒಳಗೆ ಮಾತ್ರ ಆ ಮಾತನ್ನು ಬೆಲ್ಲದ ಹಾಗೆ ಚಪ್ಪರಿಸುತ್ತಿದ್ದ.

ಕೊರೊನಾ ಬರುವ ಹಿಂದಿನ ವರ್ಷ, ರಾಯಾಪುರದ ಹತ್ತಿರದ ಒಂದು ಸಂಶೋಧನಾ ಸಂಸ್ಥೆಯಿಂದ ರಾಜೇಶ್ವರಿ ಮೇಡಮ್ ಶೆಡ್ಡಿಗೆ ಬಂದರು. ಅವರು ಕಲ್ಲಿನ ಶಾಸ್ತ್ರ ಓದಿದ ದೊಡ್ಡ ವಿಜ್ಞಾನಿ. ಲಕ್ಷದ್ವೀಪದ ಕಡೆ ಒಂದು ಹವಳದ ನಡುಗಡ್ಡೆಯಲ್ಲಿ ಎರಡು ತೂತು ಕೊರೆಯಬೇಕು, ಒಂದು ಗೇಣು ಕಲ್ಲೂ ಕಳೆಯಬಾರದು, ಅಂಥ ಕೈ ಯಾರದಿದೆ ಎಂದು ಕೇಳಿದರು. ಗುತ್ತಿಗೆದಾರ ವಿಕ್ಟರನ ಕಡೆ ಬೆರಳು ತೋರಿಸಿದ.

ಯಂತ್ರವನ್ನು ಬಿಚ್ಚಿ ಮಂಗಳೂರಿಗೆ ಲಾರಿಯಲ್ಲಿ, ಅಲ್ಲಿಂದ ಸರಕು ಸಾಗಿಸುವ ಮಂಜಿಯಲ್ಲಿ ಒಯ್ದರು. ವಿಕ್ಟರನ ಜೊತೆ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ, ಸುಳ್ಳ ಎಂಬ ಊರಿನ ದತ್ತು ಇದ್ದ. ಮೇಡಮ್ಮರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಭಾಗ್ಯಶ್ರೀ ಇದ್ದಳು. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯ ಹುಡುಗಿ. ಅವರ ಮನೆತನದಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. ವಿಕ್ಟರನನ್ನು ಮೊದಲ ದಿನದಿಂದಲೇ ಕಾಕಾ ಎಂದು ಕರೆದಳು.

ನಡುಗಡ್ಡೆ ಎಂದರೆ ಸಮುದ್ರದ ನಡುವೆ ಬಿದ್ದ ಒಂದು ಮುರಿದ ಬಳೆ. ಒಳಗೆ ತಿಳಿನೀರು, ಹೊರಗೆ ಕಪ್ಪು ನೀರು, ನಡುವೆ ತೆಂಗಿನ ಮರಗಳ ಒಂದು ಪಟ್ಟಿ. ಕೆಳಗೆಲ್ಲ ಹವಳ ಸತ್ತು ಆದ ಸುಣ್ಣಗಲ್ಲು. ಆ ಸುಣ್ಣಗಲ್ಲಿಗೆ ಸಮುದ್ರದ ನೀರಿನ ಮೆಗ್ನೀಸಿಯಂ ಸೇರಿ ಅದು ಡಾಲಮೈಟ್ ಎಂಬ ಬೇರೆ ಕಲ್ಲಾಗುತ್ತದೆ, ಎಲ್ಲಿ ಆಗುತ್ತದೆ, ಯಾವಾಗ ಆಗುತ್ತದೆ, ಯಾಕೆ ಎಲ್ಲ ಕಡೆ ಆಗುವುದಿಲ್ಲ ಎಂಬುದು ಇನ್ನೂರು ವರ್ಷದಿಂದ ಬಿಡಿಸದ ಗಂಟು ಎಂದು ಭಾಗ್ಯಶ್ರೀ ಹೇಳಿದಳು. ವಿಕ್ಟರ್ ತಲೆ ಆಡಿಸಿದ. ಅವನಿಗೆ ಬೇಕಾಗಿದ್ದದ್ದು ಪೆಟ್ಟಿಗೆ ತುಂಬುವುದು.

ನಡುಗಡ್ಡೆಯ ಮೂಡಣ ತುದಿಯಲ್ಲಿ ಕೊರೆದ ಮೊದಲ ತೂತು ಎಪ್ಪತ್ತು ಮೀಟರ್ ಇಳಿಯಿತು. ಅರವತ್ತು ದಾಟಿದ ಮೇಲೆ ಕಲ್ಲಿನ ಬಣ್ಣವೇ ಬದಲಾಯಿತು. ಜೇನಿನ ಬಣ್ಣ, ಬಿಸಿಲಿಗೆ ಹಿಡಿದರೆ ಸಕ್ಕರೆ ಹರಳಿನ ಹಾಗೆ ಮಿಣಮಿಣ. ಅದೇ ಡಾಲಮೈಟ್. ಮೇಡಮ್ ಆ ಕಲ್ಲನ್ನು ಕೂಸಿನಂತೆ ಎತ್ತಿಕೊಂಡು ನಕ್ಕರು. ಕಡೆಗೆ ಕೊಳವೆ ತೊಳೆಯುವಾಗ, ತೂತಿನ ತಳದ, ಪೆಟ್ಟಿಗೆಯಲ್ಲಿ ಜಾಗ ಸಾಲದೆ ಹೆಚ್ಚಾಗಿ ಉಳಿದ ಒಂದಿಷ್ಟು ತುಂಡುಗಳು ಬಂದವು. ಮನೆಯ ಶೋಕೇಸಿನಲ್ಲಿಡಲು ಚೆಂದ ಎಂದು ವಿಕ್ಟರ್ ಅವನ್ನು ತನ್ನ ಹತಾರದ ಪೆಟ್ಟಿಗೆಗೆ ಹಾಕಿಕೊಂಡ. ಮೇಡಮ್ಮರೇ ಒಯ್ಯಿರಿ ಎಂದಿದ್ದರು. ಮರುದಿನದ ಹಡಗಿಗೆ ಅವರು ಊರಿಗೆ ಹೋದರು.

ಎರಡನೆಯ ತೂತು ಪಡುವಣ ತುದಿಯಲ್ಲಿ, ಎರಡು ಕಿಲೋಮೀಟರ್ ಆಚೆ. ಆರನೆಯ ದಿನ ಭಾಗ್ಯಶ್ರೀಗೆ ಜ್ವರ ಬಂತು. ಮುಂಜಾನೆ ಚಾದರ ಹೊದ್ದುಕೊಂಡೇ ಬಂದು ನಿಂತವಳನ್ನು ವಿಕ್ಟರ್ ಗದರಿಸಿ ಕಳಿಸಿದ.

"ಹೋಗಿ ಮಲಗವಾ. ಕಲ್ಲು ಎಲ್ಲೂ ಓಡಿ ಹೋಗಂಗಿಲ್ಲ."

"ನೀವಿದ್ದೀರಲ್ಲ ಕಾಕಾ, ನನಗೇನು ಚಿಂತಿ" ಎಂದು ಅವಳು ಹೋದಳು.

ಕೊಳವೆಯ ತುದಿಯಲ್ಲಿ ಕಲ್ಲು ಜಾರದ ಹಾಗೆ ಹಿಡಿದುಕೊಳ್ಳುವ ಒಂದು ಉಕ್ಕಿನ ಉಂಗುರವಿರುತ್ತದೆ. ಅದು ಸವೆದಿದೆ, ಬದಲಿಸೋಣ ಎಂದು ದತ್ತು ಹಿಂದಿನ ದಿನವೇ ಹೇಳಿದ್ದ. ಇನ್ನೊಂದು ದಿನ ನಡೆಯುತ್ತದೆ ಎಂದು ವಿಕ್ಟರ್ ಅಂದಿದ್ದ. ಮೂವತ್ತೊಂದು ಮೀಟರಿನಿಂದ ಮೂವತ್ತೆರಡೂವರೆವರೆಗೆ ಕೊರೆದು ಕೊಳವೆ ಎತ್ತಿದರು. ಖಾಲಿ. ಮತ್ತೆ ಇಳಿಸಿ ಹಿಡಿಯಲು ನೋಡಿದರು. ಬಿದ್ದ ಕಲ್ಲು ಅರೆದು ಹಾಲಿನಂಥ ಕೆಸರಾಗಿ ಮೇಲೆ ಬಂತು. ಒಂದೂವರೆ ಮೀಟರ್ ಹೋಯಿತು. ಪೊಳ್ಳು ಇರಲಿಲ್ಲ, ಕಲ್ಲು ಗಟ್ಟಿಯೇ ಇತ್ತು. ಹೋದದ್ದು ಅವನ ಉದಾಸೀನಕ್ಕೆ.

"ಕಟಗಿ ತುಂಡು ಇಡೂನ್ರಿ ಅಣ್ಣಾ" ಎಂದ ದತ್ತು.

ಪೆಟ್ಟಿಗೆಯ ಆ ಖಾಲಿ ಸಾಲು ತೆರೆದ ಬಾಯಿಯ ಹಾಗೆ ವಿಕ್ಟರನ ಎದುರಿಗೆ ಬಿದ್ದಿತ್ತು. ಅವನು ಎದ್ದು ಹೋಗಿ ಹತಾರದ ಪೆಟ್ಟಿಗೆ ತೆರೆದ. ಒಳಗಿನ ತುಂಡುಗಳಲ್ಲಿ ನಾಲ್ಕನ್ನು ಆರಿಸಿದ, ಕೆಸರಿನಲ್ಲಿ ಅದ್ದಿದ. ಬಿಳಿ ಬಳಿದುಕೊಂಡ ಮೇಲೆ ಅವು ಅಕ್ಕಪಕ್ಕದ ಕಲ್ಲಿನಂತೆಯೇ ಕಂಡವು. ನಡುನಡುವೆ ಪುಡಿಗಲ್ಲು ಸೇರಿಸಿ ಜಾಗ ತುಂಬಿಸಿದ. ಒಂದೇ ನಡುಗಡ್ಡೆ, ಒಂದೇ ಸುಣ್ಣ, ಎಲ್ಲಿಯ ಕಲ್ಲಾದರೇನು ಎಂದು ತನಗೆ ತಾನೇ ಹೇಳಿಕೊಂಡ. ಕೈಗೆ ಮಾತ್ರ ಗೊತ್ತಾಗಿತ್ತು, ಇದು ಬೇರೆ ಕಲ್ಲು, ಇದರ ತೂಕ ಬೇರೆ. ದಿನದ ವರದಿಯ ಹಾಳೆಯಲ್ಲಿ ಬರೆದ: ಮೂವತ್ತೊಂದರಿಂದ ಮೂವತ್ತೆರಡೂವರೆ, ಕೋರ್ ಪೂರ್ತಿ. ಕೆಳಗೆ ಸಹಿ ಹಾಕಿದ.

ದತ್ತು ಸಮುದ್ರದ ಕಡೆ ಮುಖ ಮಾಡಿ ಬೀಡಿ ಸೇದುತ್ತಿದ್ದ. ಮರುದಿನ ಭಾಗ್ಯಶ್ರೀ ಬಂದು, ಪೆಟ್ಟಿಗೆ ನೋಡಿ, "ಒಂದ ಇಂಚು ಬಿಟ್ಟಿಲ್ಲ ನೋಡ್ರಿ ನಮ್ಮ ಕಾಕಾ" ಎಂದು ಹಾಳೆಗೆ ತನ್ನ ಸಹಿಯನ್ನೂ ಹಾಕಿದಳು.

ಊರಿಗೆ ಬಂದ ಮೇಲೆ ಒಂದೆರಡು ತಿಂಗಳು ಅದು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಆಗೀಗ ನೆನಪಾಗುತ್ತಿತ್ತು. ಆಮೇಲೆ ಕೊರೊನಾ ಬಂತು, ಎಲ್ಲರಿಗೂ ಅವರವರ ಜೀವದ ಚಿಂತೆ. ವಿಕ್ಟರ್ ಮರೆತ.

ಎರಡೂವರೆ ವರ್ಷದ ಮೇಲೆ, ಕ್ರಿಸ್ಮಸ್ಸಿನ ಮುಂಚಿನ ಒಂದು ಸಂಜೆ ಭಾಗ್ಯಶ್ರೀ ಘಂಟಿಕೇರಿಯ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಅವ್ವ ಮಾಡಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ವಿಕ್ಟರನ ಹೆಂಡತಿ ಆಲಿಸ್ ಚಹಾಕ್ಕೆ ಇಟ್ಟು, ಹೋಳಿಗೆಗೆ ತುಪ್ಪ ಹಾಕಿ ಕೊಟ್ಟಳು.

"ಕಾಕಾ, ನಿಮ್ಮ ಎರಡನೇ ತೂತು ನನ್ನ ಥೀಸಿಸ್ಸಿನ ಜೀವಾ ಆಗೇತಿ" ಎಂದಳು ಭಾಗ್ಯಶ್ರೀ, ಚಹಾ ಬರುವ ಮೊದಲೇ. "ಮೂವತ್ತೊಂದು ಮೀಟರಿಗೆ ಏನು ಸಿಕ್ಕೈತಿ ಗೊತ್ತೇನು? ಡಾಲಮೈಟ್! ಕತ್ತರಿಸಿ ನೋಡಿದ ಮ್ಯಾಲೆ ಗೊತ್ತಾತು. ಮ್ಯಾಲೂ ಸುಣ್ಣಗಲ್ಲು, ಕೆಳಗೂ ಸುಣ್ಣಗಲ್ಲು, ನಡುವ ಅದೊಂದ ಪದರ."

ವಿಕ್ಟರನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

"ಅದು ಅಷ್ಟು ದೊಡ್ಡದೇನವಾ?" ಎಂದು ಆಲಿಸ್ ಕೇಳಿದಳು.

"ದೊಡ್ಡದ ಐತ್ರಿ ಆಂಟಿ. ಹೆಂಗಂದ್ರ, ಆಮ್ಲಜನಕದಾಗ ಹಗುರದ್ದು, ಭಾರದ್ದು ಅಂತ ಜಾತಿ ಅದಾವು. ಸಮುದ್ರದ ನೀರು ಉಗಿ ಆಗಿ ಮ್ಯಾಲೆ ಹೋಗುವಾಗ ಹಗುರದ್ದು ಹೆಚ್ಚು ಹೋಗ್ತೈತಿ, ಭಾರದ್ದು ಹೆಚ್ಚು ಹಿಂದ ಉಳಿತೈತಿ. ಅದಕ್ಕ ಮಳಿ ನೀರು ಹಗುರ, ಸಮುದ್ರದ ನೀರು ಭಾರ. ಕಲ್ಲು ಯಾವ ನೀರಾಗ ಬದಲಾಗಿರತೈತೋ ಆ ನೀರಿನ ಗುರುತು ಅದರಾಗ ಉಳಿತೈತಿ. ಚೂರು ಪುಡಿ ತಗೊಂಡು ಆಸಿಡ್ಡಿನ್ಯಾಗ ಹಾಕಿ, ಬಂದ ಗ್ಯಾಸು ಮಷೀನಿಗೆ ಬಿಟ್ರ ಅಂಕಿ ಬರತಾವು. ಸುತ್ತಲಿನ ಸುಣ್ಣಗಲ್ಲು ಸೊನ್ನಿಗಿಂತ ಐದು ಕೆಳಗ ಬಂತು, ಅಂದ್ರ ಮಳಿ ನೀರು ಉಂಡಿದ್ದು. ಕಾಕಾ ತಗದ ಕಲ್ಲು ಸೊನ್ನಿಗಿಂತ ಮೂರು ಮ್ಯಾಲೆ! ಪಕ್ಕಾ ಸಮುದ್ರದ ನೀರು. ಮಳಿ ನೀರಿನ ನಡುವ ಸಮುದ್ರ ಹೆಂಗ ಒಳಗ ಬಂತು? ಅದನ್ನ ನಾನು ಬರದೇನಿ. ಯಾರೂ ಬರದಿಲ್ಲ."

ಅವಳು ಚೀಲದಿಂದ ಹಾಳೆ ತೆಗೆದು ತೋರಿಸಿದಳು. ಕೆಳಗಿನಿಂದ ಮೇಲಕ್ಕೆ ಚುಕ್ಕೆಗಳ ಒಂದು ಗೆರೆ. ಎಡಕ್ಕೆ ಸಾಲಾಗಿ ನಡೆದು ಬಂದ ಚುಕ್ಕೆಗಳು ಒಂದು ಕಡೆ ಮಾತ್ರ ತಟ್ಟನೆ ಬಲಕ್ಕೆ ಹಾರಿ ಮತ್ತೆ ಎಡಕ್ಕೆ ಬಂದಿದ್ದವು. ಬಲಕ್ಕೆ ಹಾರಿದವು ನಾಲ್ಕು. ವಿಕ್ಟರ್ ಎಣಿಸಿದ. ನಾಲ್ಕೇ.

ಆಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ ಕೂಡ. ಭಾಗ್ಯಶ್ರೀ ನಗುತ್ತ ನೋಡುತ್ತಿದ್ದಳು, ಆಲಿಸ್ ಹೆಮ್ಮೆಯಿಂದ ಸೆರಗು ಸರಿ ಮಾಡಿಕೊಂಡು ನಿಂತಿದ್ದಳು. "ಛಲೋ ಆತವಾ" ಎಂದ ವಿಕ್ಟರ್. ಇನ್ನೊಂದು ಹೋಳಿಗೆ ಹಾಕಿದರೆ ಅದನ್ನೂ ತಿಂದ.

ಆ ತಿಂಗಳಿನಿಂದ ಚರ್ಚಿನಲ್ಲಿ ಪ್ರಭುಭೋಜನದ ರವಿವಾರ ಬಂದರೆ ವಿಕ್ಟರ್ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದ. ತನ್ನನ್ನು ತಾನು ಪರೀಕ್ಷಿಸಿಕೊಂಡು ಬರಲಿ ಎಂದು ಪಾದ್ರಿ ಅಯ್ಯನವರು ಪ್ರತಿ ಸಲವೂ ಓದುವ ಮಾತು, ತನಗೇ ಹೇಳಿದ ಹಾಗೆ ಕೇಳುತ್ತಿತ್ತು. ಆಲಿಸ್ ಕೇಳಿದರೆ ಮೊಣಕಾಲು ನೋವು ಎಂದ. ಅವಳು ಎಣ್ಣೆ ಕಾಯಿಸಿ ತಂದು ತಿಕ್ಕಿದಳು. ನೋವಿಲ್ಲದ ಕಾಲನ್ನು ಚಾಚಿಕೊಂಡು ಕೂತು ಅವನು ತಿಕ್ಕಿಸಿಕೊಂಡ.

ಮುಂದಿನ ಸುದ್ದಿ ತಂದವನು ದತ್ತು. ಅವನು ಅಷ್ಟರಲ್ಲಿ ಕೊರೆಯುವ ಕೆಲಸ ಬಿಟ್ಟು ಸುಳ್ಳದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದೂವರೆ ವರ್ಷ ಕಳೆದಿತ್ತು. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕವನು, ಹೋಟೆಲಿನೊಳಗೆ ಕರೆದೊಯ್ದು ಕೂರಿಸಿ, ಮಾತು ಹೇಗೆ ತೆಗೆಯಲಿ ಎಂದು ನೀರಿನ ಲೋಟ ತಿರುಗಿಸಿದ.

"ಅಣ್ಣಾ, ಆ ಹುಡಿಗಿ ಊರಾಗ ಕುಂತಾಳಂತ. ಥೀಸಿಸ್ ವಾಪಸ್ ಬಂತಂತ. ನಮ್ಮ ಭಾವನ ಊರು ಅದ, ಅವಾ ಹೇಳಿದ."

ಥೀಸಿಸ್ಸನ್ನು ಹೊರಗಿನಿಂದ ಪರೀಕ್ಷೆ ಮಾಡಿದವರು, ಮೂವತ್ತೊಂದು ಮೀಟರಿನ ಕಲ್ಲಿನ ಅಂಕಿಗಳನ್ನು ಮೊದಲ ತೂತಿನ ಅರವತ್ತೊಂಬತ್ತನೆಯ ಮೀಟರಿನ ಅಂಕಿಗಳ ಪಕ್ಕದಲ್ಲಿ ಇಟ್ಟು ನೋಡಿದ್ದರು. ಆಮ್ಲಜನಕ ಒಂದೇ, ಇಂಗಾಲ ಒಂದೇ, ಕಲ್ಲಿನ ವಯಸ್ಸು ಹೇಳುವ ಸ್ಟ್ರಾಂಶಿಯಂ ಕೂಡ ಒಂದೇ. ಎರಡು ಕಿಲೋಮೀಟರ್ ದೂರದ, ಅಷ್ಟು ಮೇಲಿನ ಕಲ್ಲು ಹೀಗೆ ಕೂದಲೆಳೆಯೂ ತಪ್ಪದೆ ಕೂಡುವುದು ನಿಸರ್ಗದಲ್ಲಿಲ್ಲ. ಇದು ಅದಲು ಬದಲಾದ ಕಲ್ಲು ಎಂದು ಬರೆದಿದ್ದರು. ಅಜಾಗರೂಕತೆಯೋ, ಬೇಕಂತಲೇ ಮಾಡಿದ್ದೋ ಗೊತ್ತಿಲ್ಲ ಎಂದೂ ಬರೆದಿದ್ದರು. ಸಂಸ್ಥೆಯಲ್ಲಿ ವಿಚಾರಣೆ ಆಗಿ, ಭಾಗ್ಯಶ್ರೀ ಎಲ್ಲ ಬಿಟ್ಟು ಊರಿಗೆ ಹೋಗಿ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು.

ದತ್ತು ಇದನ್ನೆಲ್ಲ ಬಿಟ್ಟು ಬಿಟ್ಟು ಹೇಳಿದ, ಅವನಿಗೆ ಆ ಅಂಕಿಗಳ ಅರ್ಥ ತಿಳಿದಿರಲಿಲ್ಲ. ವಿಕ್ಟರನಿಗೆ ಪೂರ್ತಿ ತಿಳಿಯಿತು. ಮತ್ತು ಅವನಿಗೆ ಮೊಟ್ಟಮೊದಲು ಆದದ್ದು ಏನು? ಸಮಾಧಾನ. ತನ್ನ ಹೆಸರು ಬಂದಿಲ್ಲ. ಯಾರಿಗೂ ಡ್ರಿಲ್ಲರನ ಮೇಲೆ ಸಂಶಯವಿಲ್ಲ. ಆ ಸಮಾಧಾನ ಒಂದು ಗುಟುಕು ಚಹಾ ಇಳಿಯುವಷ್ಟು ಹೊತ್ತು ಇದ್ದು ಹೋಯಿತು. ಆದರೆ ಅದು ಬಂದಿತ್ತು ಎಂಬುದನ್ನು ಅವನು ಮುಂದೆಂದೂ ಮರೆಯಲಿಲ್ಲ. ಕಲ್ಲು ಇಟ್ಟದ್ದಕ್ಕಿಂತ ಅದಕ್ಕೇ ಅವನು ಹೆಚ್ಚು ನಾಚಿದ.

"ನಾ ಎಲ್ಲೂ ಬಾಯಿ ಬಿಡಂಗಿಲ್ರಿ" ಎಂದ ದತ್ತು ಏಳುತ್ತ. "ನೀವ ಹೇಳಬೇಕು."

ಹೇಳಬೇಕು ಎಂದುಕೊಂಡು ವಿಕ್ಟರ್ ಮೂರು ತಿಂಗಳು ತಳ್ಳಿದ. ಎರಡು ಸಲ ಚಿಗರಿ ಬಸ್ಸು ಹತ್ತಿ ರಾಯಾಪುರದಲ್ಲಿ ಇಳಿದು, ಸಂಸ್ಥೆಯ ಗೇಟಿನ ಎದುರಿನ ಹಣ್ಣಿನ ಗಾಡಿಯಲ್ಲಿ ಬಾಳೆಹಣ್ಣು ಕೊಂಡು ತಿರುಗಿ ಬಂದ. ಎರಡನೆಯ ಸಲ ಆಲಿಸ್, "ರಾಯಾಪುರದಾಗ ಏನು ಹಣ್ಣು ಸಸ್ತಾ ಅದಾವೇನ್ರಿ?" ಎಂದು ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡೇ ಅವನು ಎಲ್ಲವನ್ನೂ ಹೇಳಿಬಿಟ್ಟ. ಉಂಗುರ, ಕೆಸರು, ನಾಲ್ಕು ತುಂಡು, ಸಹಿ.

ಆಲಿಸ್ ಒಲೆ ಆರಿಸಿದಳು. "ಆ ಹುಡಿಗಿ ಈ ಕುರ್ಚಿ ಮ್ಯಾಲೆ ಕುಂತಿತ್ತಲ್ರಿ" ಎಂದಳು. "ನಾ ಹೋಳಿಗಿಗೆ ತುಪ್ಪ ಹಾಕಿ ಕೊಟ್ಟೆ. ಆವಾಗ ನಿಮ್ಮ ಬಾಯಿ ಎಲ್ಲಿ ಹೋಗಿತ್ತು?"

ಅವಳು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು, ಅಷ್ಟೇ.

ರಾಜೇಶ್ವರಿ ಮೇಡಮ್ ಎದ್ದು ನಿಂತು ಬರಮಾಡಿಕೊಂಡರು. "ಬರ್ರಿ ವಿಕ್ಟರ್, ಎಷ್ಟು ದಿವಸ ಆತು! ಕೂಡ್ರಿ. ಚಹಾ ತರಸ್ತೇನಿ." ಆ ಮರ್ಯಾದೆಯನ್ನು ತಡೆಯಲಾಗದೆ ವಿಕ್ಟರ್ ಕೂಡದೆ ನಿಂತೇ ಹೇಳಿದ. ಊರಿನಿಂದ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಕಲಸಿಹೋದವು. "ಮೂವತ್ತೊಂದರ ಕಲ್ಲು ನಾ ಇಟ್ಟಿದ್ರಿ ಮೇಡಮ್. ಮೊದಲನೇ ತೂತಿನ್ವು. ಭಾಗ್ಯಶ್ರೀಯವರದು ಏನೂ ತಪ್ಪಿಲ್ಲ" ಎನ್ನುವಷ್ಟು ಮಾತ್ರ ಹೊರಬಂತು.

ಮೇಡಮ್ ಬೈಯಲಿಲ್ಲ. ಕಲ್ಲುಗಳನ್ನಿಡುವ ಕೋಣೆಗೆ ಕರೆದುಕೊಂಡು ಹೋದರು. ಪೆಟ್ಟಿಗೆ ಎಳೆದು ತೆರೆದರು. ನಾಲ್ಕು ತುಂಡುಗಳೂ ಉದ್ದಕ್ಕೆ ಸೀಳಿಕೊಂಡು ಹೊಳೆಯುತ್ತ ಮಲಗಿದ್ದವು. ಅಕ್ಕಪಕ್ಕದ ಬಿಳಿ ಕಲ್ಲಿನ ನಡುವೆ ಅವುಗಳ ಜೇನು ಬಣ್ಣ ಎಷ್ಟು ಎದ್ದು ಕಾಣುತ್ತಿತ್ತೆಂದರೆ, ಕುರುಡನಿಗೂ ತಿಳಿಯುವಂತಿತ್ತು.

"ಇವ ಏನು, ನೀವು ಇಟ್ಟಿದ್ದು?"

"ಹೌದ್ರಿ. ಇವ ನಾಕು."

ಮೇಡಮ್ ತಿರುಗಿ ಬಂದು ಒಂದು ಫೈಲಿನಿಂದ ಹಾಳೆ ತೆಗೆದರು. ವಿಕ್ಟರನ ಅಕ್ಷರ, ವಿಕ್ಟರನ ಸಹಿ. ಕೋರ್ ಪೂರ್ತಿ.

"ವಿಚಾರಣಿ ದಿವಸ ಆಕಿ ಏನಂದ್ಲು ಗೊತ್ತೈತೇನು? ನಾನು ಬದಲಿ ಮಾಡಿಲ್ಲ, ಪೆಟಗಿ ಬಂದಾಗನ ಹಂಗಿತ್ತು ಅಂದ್ಲು. ನಾನು ಈ ಹಾಳಿ ತೋರಿಸಿದೆ. ಡ್ರಿಲ್ಲರ್ ಪೂರ್ತಿ ಬಂದೈತಿ ಅಂತ ಬರದಾನ, ಮೂವತ್ತು ವರ್ಷದ ಅನುಭವಸ್ಥ, ಅವನ ಮ್ಯಾಲೆ ಹಾಕಬ್ಯಾಡ ಅಂತ ಬೈದೆ." ಮೇಡಮ್ಮರ ದನಿ ಸಣ್ಣದಾಯಿತು. "ನಿಮ್ಮನ್ನ ನಂಬಿ ಆಕಿನ್ನ ಬಿಟ್ಟೆ ನಾನು. ನಿಮಗೊಂದು ಫೋನೂ ಮಾಡಿ ಕೇಳಲಿಲ್ಲ."

ಚಹಾ ಬಂತು. ವಿಕ್ಟರನಿಗೆ ಕುಡಿಯಲಾಗಲಿಲ್ಲ. ನಡೆದದ್ದನ್ನು ಬರೆದುಕೊಡಿ ಎಂದು ಮೇಡಮ್ ಕಾಗದ ಕೊಟ್ಟರು. ಏಳನೆಯತ್ತೆಯ ಕನ್ನಡದಲ್ಲಿ ಅವನು ಎರಡು ಪುಟ ಬರೆದ. ದತ್ತುವಿನ ಹೆಸರು ಬರೆಯಲಿಲ್ಲ. ಹೊರಡುವಾಗ, ಭಾಗ್ಯಶ್ರೀಗೆ ತಾವೇ ಫೋನು ಮಾಡಿ ತಿಳಿಸುವುದಾಗಿ ಹೇಳಿದರು ಮೇಡಮ್. "ಬ್ಯಾಡ್ರಿ, ಒಂದ ದಿವಸ ತಡೀರಿ. ನಾನ ಹೋಗಿ ಹೇಳ್ತೇನಿ" ಎಂದ ವಿಕ್ಟರ್.

ಉಪ್ಪಿನಬೆಟಗೇರಿಯ ಬಸ್ಸಿನಲ್ಲಿ ಇಡೀ ದಾರಿ ಅವನು ಕಿಟಕಿಯ ಆಚೆ ನೋಡಿದ, ಏನೂ ಕಾಣಲಿಲ್ಲ. ಶಾಲೆ ಬಿಡುವ ಹೊತ್ತು. ಭಾಗ್ಯಶ್ರೀ ನೋಟುಬುಕ್ಕುಗಳ ಗಂಟು ಹಿಡಿದು ಹೊರಗೆ ಬಂದವಳು ಅವನನ್ನು ಕಂಡು ಬೆರಗಾದಳು.

"ಅಯ್ಯ ಕಾಕಾ! ಇಲ್ಲೆ?"

ಶಾಲೆಯ ಕಟ್ಟೆಯ ಮೇಲೆ ಕೂತು ಅವನು ಹೇಳಿದ. ಈ ಸಲ ಬಿಡದೆ, ಮೊದಲಿನಿಂದ. ಅವನು ಮುಗಿಸಿದ ಮೇಲೆ ಅವಳು ಚೀಲದಿಂದ ಪೆನ್ನು ತೆಗೆದು ಒಂದು ನೋಟುಬುಕ್ಕಿನ ಹಿಂದಿನ ಹಾಳೆ ತೆರೆದಳು.

"ನಾಕ ತುಂಡೇನು? ಪುಡಿ ಎಲ್ಲಿದು?"

"ಎರಡನೇ ತೂತಿಂದ. ಮ್ಯಾಲಿನ ಕೆಸರಿನ್ಯಾಗಿಂದು."

"ಯಾವ ಸಾಲು? ತುಂಡಿನ ತಲಿ ಮ್ಯಾಲೋ ಕೆಳಗೋ?"

ಅವನು ನೆನಪು ಮಾಡಿ ಮಾಡಿ ಹೇಳಿದ. ಅವಳು ಬರೆದುಕೊಂಡಳು. ಆಮೇಲೆ ತಲೆ ಎತ್ತಿದಳು.

"ಬ್ಯಾರೆ ಎಲ್ಲೆಲ್ಲಿ ಇಟ್ಟೀರಿ?"

"ಎಲ್ಲೂ ಇಲ್ಲವಾ. ಅದೊಂದ. ದೇವರಾಣಿ."

ಅವಳು ಅವನ ಮುಖವನ್ನು ನೋಡಿದಳು. ನಂಬಬೇಕೋ ಬೇಡವೋ ಎಂದು ತೂಗುತ್ತಿದ್ದಳು. ಆ ತೂಗುವಿಕೆ ಅವನಿಗೆ ನೇರವಾಗಿ ಕಂಡಿತು. ಮೂವತ್ತು ವರ್ಷದಲ್ಲಿ ಅವನು ತುಂಬಿದ ಪೆಟ್ಟಿಗೆಗಳೆಲ್ಲ, ಸೇತುವೆಗಳವು, ಒಡ್ಡುಗಳವು, ಅವಳ ಆ ಒಂದು ನೋಟದಲ್ಲಿ ಸಂಶಯಕ್ಕೆ ಬಿದ್ದವು. ಖರೇ ಹೇಳಿದರೂ ಅದಕ್ಕಿನ್ನು ಬೆಲೆಯಿಲ್ಲ. ಅವನು ನೆಲ ನೋಡಿದ.

"ನನಗ ಸಿಟ್ಟು ಎದಕ್ಕ ಗೊತ್ತೇನ್ರಿ?" ಎಂದಳು. "ಕಲ್ಲು ಇಟ್ಟಿದ್ದಕ್ಕಲ್ಲ. ನಿಮ್ಮ ಮನಿಗೆ ಬಂದು ಅಂಕಿ ತೋರಿಸಿದ್ನಲ್ಲಾ, ಅವತ್ತು ಒಂದ ಮಾತು ಹೇಳಿದ್ರ ಸಾಕಿತ್ತು. ಥೀಸಿಸ್ ಇನ್ನೂ ಕೊಟ್ಟಿರಲಿಲ್ಲ. ನಾನು ನಕ್ಕು ಬಿಡ್ತಿದ್ದೆ. ತಿಂಗಳುಗಟ್ಟಲೆ ನಮ್ಮಪ್ಪ ಊರಾಗ ಯಾರ ಮುಂದೂ ನಿಂತು ಮಾತಾಡಿಲ್ಲ. ಮಗಳು ಕಳ್ಳ ಲೆಕ್ಕ ಬರದಾಳ ಅಂತ ಅಂದ್ಕೊಂಡಾರ ಎಲ್ಲಾರೂ. ನಾನೂ ಅಂದ್ಕೊಂಡೆ, ಎಲ್ಲೋ ನಾನ ಡಬ್ಬಿ ಅದಲು ಬದಲು ಮಾಡಿರಬೇಕು ಅಂತ. ನನ್ನ ಕೈ ಮ್ಯಾಲೆ ನನಗ ನಂಬಿಗಿ ಹೋತು."

ವಿಕ್ಟರ್ ತಪ್ಪಾಯಿತು ಎಂದ. ಅವಳು ಇರಲಿ ಬಿಡಿ ಎನ್ನಲಿಲ್ಲ. ಕಡೆಯ ಬಸ್ಸು ಐದೂವರೆಗೆ ಇದೆ, ಲಗೂ ಹೋಗಿರಿ ಎಂದು ಹೇಳಿ ಎದ್ದಳು.

ಮುಂದಿನದು ನಿಧಾನಕ್ಕೆ ನಡೆಯಿತು. ಮೇಡಮ್ ಎರಡನೆಯ ತೂತಿನ ಪ್ರತಿ ಸಾಲಿನಿಂದ ಹೊಸದಾಗಿ ಪುಡಿ ತೆಗೆಸಿ ಮತ್ತೆ ಯಂತ್ರಕ್ಕೆ ಹಾಕಿಸಿದರು. ಉಳಿದದ್ದೆಲ್ಲ ಸರಿಯಾಗಿತ್ತು, ವಿಕ್ಟರ್ ಹೇಳಿದ್ದು ಖರೇ ಎಂದು ಕಲ್ಲಿನಿಂದಲೇ ಹೇಳಿಸಬೇಕಾಯಿತು. ಭಾಗ್ಯಶ್ರೀ ಸಂಸ್ಥೆಗೆ ಮರಳಿದಳು. ಆ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿ, ಮೊದಲ ತೂತಿನ ಡಾಲಮೈಟು ಎಂಥ ನೀರಿನಲ್ಲಿ ಆಯಿತು ಎಂಬುದನ್ನೇ ಬೆಳೆಸಿ ಬರೆದಳು. ಅದು ಮೊದಲಿನಷ್ಟು ಬೆರಗಿನ ವಿಷಯವಲ್ಲ ಎಂದು ಮೇಡಮ್ ಒಮ್ಮೆ ಫೋನಿನಲ್ಲಿ ಹೇಳಿದರು. ಎರಡು ವರ್ಷ ತಡವಾಗಿ ಅವಳಿಗೆ ಡಾಕ್ಟರೇಟು ಬಂತು. ಅಷ್ಟರೊಳಗೆ ಹೊರದೇಶದ ಒಂದು ಅವಕಾಶ ಕೈತಪ್ಪಿತ್ತು.

ವಿಕ್ಟರ್ ಗುತ್ತಿಗೆದಾರನಿಗೂ ಹೇಳಿದ. "ಇಷ್ಟಕ್ಕ ಯಾರರ ಹೇಳಾಕ ಹೋಗ್ತಾರೇನೋ ಮಾರಾಯಾ" ಎಂದು ಅವನು ಹಣೆ ಚಚ್ಚಿಕೊಂಡ. ಕೆಲಸದಿಂದ ತೆಗೆಯಲಿಲ್ಲ. ಆದರೆ ವಿಕ್ಟರನಿಗೇ ಯಂತ್ರದ ಹಿಡಿಕೆ ಹಿಡಿಯಲಾಗಲಿಲ್ಲ. ಕೊಳವೆ ಎತ್ತುವಾಗಲೆಲ್ಲ ಪಕ್ಕದಲ್ಲಿ ನಿಂತವನು ತನ್ನ ಕೈಯನ್ನೇ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು. ಈಗ ಅವನು ಕೇಶ್ವಾಪುರದಲ್ಲಿ ಪಂಪು ರಿಪೇರಿಯ ಅಂಗಡಿಯೊಂದರಲ್ಲಿ ಮೋಟರಿಗೆ ತಂತಿ ಸುತ್ತುತ್ತಾನೆ.

ಹೋದ ವರ್ಷ ಒಂದು ಮಧ್ಯಾಹ್ನ ಧಾರವಾಡದಿಂದ ಬರುವ ಚಿಗರಿ ಬಸ್ಸಿನಲ್ಲಿ ನಿಂತಿದ್ದ. ಜನ ಕಿಕ್ಕಿರಿದಿದ್ದರು. ಎರಡು ಸೀಟಿನ ಮುಂದೆ ಭಾಗ್ಯಶ್ರೀ ಕೂತಿದ್ದಳು, ಪಕ್ಕದಲ್ಲಿ ಅವಳ ಅಪ್ಪ. ಅವಳು ನೋಡಿದಳು, ಗುರುತು ಹಿಡಿದಳು, ತಲೆ ಬಾಗಿಸಿದಳು. ಆಮೇಲೆ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಆ ಮುದುಕ ತಿರುಗಿ ವಿಕ್ಟರನನ್ನು ನೋಡಿದ. ಬಹಳ ಹೊತ್ತು, ಸಿಟ್ಟೂ ಇಲ್ಲದೆ, ನಗುವ ಪ್ರಯತ್ನವೂ ಇಲ್ಲದೆ. ಬಾಗಿಲ ಕಡೆ ಸರಿಯಲು ವಿಕ್ಟರನಿಗೆ ಜಾಗವಿರಲಿಲ್ಲ. ಕಂಬಿ ಹಿಡಿದುಕೊಂಡು ಅವನೂ ಆ ಮುಖವನ್ನೇ ನೋಡುತ್ತ ನಿಂತ.